ಮಂಗಳವ್ವನ ಬುಧವಾರಗಳು

ಆ ಬುಧವಾರ ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು ಸ್ಕೂಟಿ ನಿಲ್ಲಿಸಿ ಬಾಳೆಹಣ್ಣು ಆರಿಸುತ್ತಿದ್ದ ರೋಹಿಣಿಗೆ, ಬ್ಯಾಡಗಿ ಬಸ್ಸಿನಿಂದ ಇಳಿದವಳು ತನ್ನ ಅವ್ವನೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಮೈಮೇಲೆ ಹೊಸ ಇಳಕಲ್ ಸೀರೆ. ಹಿಂದಿನಿಂದ ಇಳಿದ ಬಿಳಿ ಟೊಪ್ಪಿಗೆಯ ಗಂಡಸು ಅವಳ ಕೈಚೀಲ ಹಿಡಿದುಕೊಂಡಿದ್ದ. ಇಬ್ಬರೂ ಆಟೋ ಹತ್ತಿ ಕುಳಿತರು. ರೋಹಿಣಿ ನಿಂತಲ್ಲೇ ಫೋನ್ ಹಚ್ಚಿದಳು.

“ಅವ್ವಾ, ಎಲ್ಲದೀ?”

“ಎಲ್ಲಿರ್ತೇನವ್ವಾ, ಮನ್ಯಾಗ ಅದೇನಿ. ಮೆಣಸಿನಕಾಯಿ ತೊಟ್ಟು ತೆಗ್ಯಾಕತ್ತೇನಿ. ಆಮ್ಯಾಲ ಮಾತಾಡ್ತೇನಿ, ಇಡು.”

ಆಟೋ ಅವಳ ಕಣ್ಣೆದುರೇ ತಿರುಗಿ ಹೋಯಿತು.

ಮಂಗಳವ್ವ ಸುಳ್ಳು ಹೇಳುವ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಬ್ಯಾಡಗಿ ಮಾರ್ಕೆಟ್ಟಿನ ಹತ್ತಿರ ಖಾನಾವಳಿ ಹಾಕಿ, ಅದರಲ್ಲೇ ಒಬ್ಬಳೇ ಮಗಳನ್ನು ಓದಿಸಿ ಮದುವೆ ಮಾಡಿದವಳು. ಹೋದ ವರ್ಷ ಖಾನಾವಳಿ ಮುಚ್ಚಿ ಆ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದಳು. ದೀಪಾವಳಿಗೆ ಬಂದಾಗ ರೋಹಿಣಿ, ಮನೆ ಕಟ್ಟಲು ಒಂದು ಸೈಟು ನೋಡಿದ್ದೇವೆ, ಸ್ವಲ್ಪ ಕೈ ಹಿಡಿ ಎಂದು ಕೇಳಿದ್ದಳು. ಅವ್ವ ಮುಖ ತಿರುಗಿಸಿ, “ಆ ಬಾಡಿಗಿ ರೊಕ್ಕ ಮುಟ್ಟಂಗಿಲ್ಲ. ಅದಕ್ಕೊಂದು ಕೆಲಸ ಐತಿ” ಎಂದಿದ್ದಳು. ಏನು ಕೆಲಸ ಎಂದರೆ ತಿಂಡಿಯ ತಟ್ಟೆ ಮುಂದೆ ತಳ್ಳಿದಳು. ಅದಾದ ತಿಂಗಳಿಗೇ ಓಣಿಯ ಮಂದಿಯ ಜೊತೆ ಗೋಕರ್ಣಕ್ಕೆ ಹೋಗಿ ಬಂದಳು. ಪಕ್ಕದ ಮನೆಯ ಜಯವ್ವ ಕಳಿಸಿದ ಫೋಟೋದಲ್ಲಿ ಅವ್ವ ಮೊಣಕಾಲ ಮಟ ಸಮುದ್ರದೊಳಗೆ ನಿಂತಿದ್ದಳು. ಅವಳ ಪಕ್ಕದಲ್ಲಿ ಇದೇ ಬಿಳಿ ಟೊಪ್ಪಿಗೆ. ಹೆಸರು ಗುಡ್ಡಪ್ಪ, ಮೆಣಸಿನಕಾಯಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದವ, ಹೆಂಡತಿ ಇಲ್ಲ ಎಂದು ಜಯವ್ವನೇ ಹೇಳಿದಳು. ಹೇಳಿದ ದನಿ ರೋಹಿಣಿಗೆ ಸರಿ ಬರಲಿಲ್ಲ.

“ಅಕಿ ರೊಕ್ಕ, ಅಕಿ ಜೀವ. ಬಿಟ್ಟಬಿಡು,” ಎಂದ ರೋಹಿಣಿಯ ಗಂಡ ಮೈಲಾರಲಿಂಗ, ರಾತ್ರಿ ಇದೆಲ್ಲ ಕೇಳಿ.

ಬಿಡಲಾಗಲಿಲ್ಲ. ಆ ಭಾನುವಾರ ಹೇಳದೆ ಕೇಳದೆ ಬ್ಯಾಡಗಿಗೆ ಹೋದಳು. ಯಾವಾಗಲೂ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದ್ದ ತಿಜೋರಿ ಕೀಲಿ ಈಗ ಅವ್ವನ ಸೊಂಟದಲ್ಲಿತ್ತು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದಳು. ಊಟಕ್ಕೆ ಕರೆದರೆ ನಿನ್ನದಾಗಲಿ ಎಂದು ತಪ್ಪಿಸಿಕೊಂಡಳು. ಬುಧವಾರ ಎಲ್ಲಿದ್ದೆ ಎಂದು ಕೇಳಿದರೆ, “ಅವತ್ತ ಹೇಳಿದೆನಲ್ಲ” ಎಂದು ಒಳಗೆ ಎದ್ದು ಹೋದಳು. ಆ ಗುಡ್ಡಪ್ಪ ಅವ್ವನ ತಲೆ ಕೆಡಿಸಿ ಗಂಟು ಬಿಚ್ಚಿಸುತ್ತಿದ್ದಾನೆ. ಹಿಂದಿರುಗುವಾಗ ಬಸ್ಸಿನಲ್ಲಿ ರೋಹಿಣಿಗೆ ಇದು ಖಾತ್ರಿಯಾಗಿಹೋಯಿತು.

ಮುಂದಿನ ಬುಧವಾರ ತಾನು ಕೆಲಸ ಮಾಡುವ ಬೀಜದ ಕಂಪನಿಯಲ್ಲಿ ಅರ್ಧ ದಿನ ರಜೆ ಹಾಕಿ ಬಸ್ ನಿಲ್ದಾಣದಲ್ಲಿ ಕಾದಳು. ಇಬ್ಬರೂ ಇಳಿದರು, ಆಟೋ ಹತ್ತಿದರು. ಸ್ಕೂಟಿ ಬೆನ್ನು ಹತ್ತಿತು. ಆಟೋ ನಿಂತದ್ದು ಒಂದು ಬಂಗಾರದ ಅಂಗಡಿಯ ಮುಂದೆ. ಅವ್ವನ ಕೈಯ ಪಾಟಲಿ, ಕೊರಳ ಬೋರಮಾಳ ಎಲ್ಲವೂ ಒಮ್ಮೆಗೇ ರೋಹಿಣಿಯ ಕಣ್ಣ ಮುಂದೆ ಬಂದವು. ಆದರೆ ಅವರು ಅಂಗಡಿಯೊಳಗೆ ಹೋಗದೆ ಪಕ್ಕದ ಮೆಟ್ಟಿಲು ಹತ್ತಿದರು. ಸ್ವಲ್ಪ ತಡೆದು ಅವಳೂ ಹತ್ತಿದಳು. ಮೇಲೆ ಹಲ್ಲಿನ ಡಾಕ್ಟರ ಬೋರ್ಡು ಇತ್ತು.

ಬೆಂಚಿನ ಮೇಲೆ ಗುಡ್ಡಪ್ಪ ಒಬ್ಬನೇ ಕುಳಿತಿದ್ದ, ತೊಡೆಯ ಮೇಲೆ ಅವ್ವನ ಚೀಲ. ಅವಳನ್ನು ಕಂಡು ಎದ್ದು ನಿಂತ.

“ರೋಹಿಣಿ ಅಲ್ಲಾ ನೀನು? ಬಾ ತಂಗೆವ್ವಾ, ಕುಂದ್ರು. ಅವ್ವಾರು ಒಳಗದಾರ.”

“ಈ ಖರ್ಚೆಲ್ಲಾ ಯಾರು ಕೊಡಾಕತ್ತಾರ್ರಿ? ಅಕಿ ತನ್ನದಷ್ಟ ಕೊಡಾಕತ್ಯಾಳೋ, ಇಲ್ಲಾ ನಿಮ್ಮ ಹಲ್ಲಿಂದೂ ಅಕಿನೇ ಕೊಡಾಕತ್ಯಾಳೋ?”

ಗುಡ್ಡಪ್ಪನ ಮುಖ ಸಣ್ಣದಾಯಿತು. “ನನ್ನ ಹಲ್ಲು ಗಟ್ಟಿ ಅದಾವವ್ವಾ,” ಎಂದ. “ನಾ ಬರೇ ಚೀಲ ಹಿಡಿಯಾವ.”

ಅಷ್ಟರಲ್ಲಿ ಮಂಗಳವ್ವ ಹೊರಗೆ ಬಂದಳು. ಒಂದು ಗಲ್ಲ ಊದಿತ್ತು, ಬಾಯಿಯಲ್ಲಿ ಅರಳೆ ಕಚ್ಚಿದ್ದಳು. ಮಗಳನ್ನು ನೋಡಿ ನಿಂತಳು. ರೋಹಿಣಿ ಒಂದೇ ಉಸಿರಿಗೆ ಎಲ್ಲ ಆಡಿಬಿಟ್ಟಳು: ಸುಳ್ಳು ಹೇಳಿದ್ದು, ಕೀಲಿ ಮುಚ್ಚಿಟ್ಟಿದ್ದು, ಗೋಕರ್ಣ, ಜಯವ್ವನ ಮಾತು, ಸೈಟು. ಮಂಗಳವ್ವ ಬಾಯಿ ತೆಗೆಯುವಂತಿರಲಿಲ್ಲ. ಕೈ ಮಾಡಿ, ಕುಂದ್ರು ಎಂದಳು. ಮೂವರೂ ಒಂದೇ ಬೆಂಚಿನ ಮೇಲೆ ಕುಳಿತು ಗೋಡೆ ನೋಡಿದರು. ಬೈದ ಮಾತಿಗೆ ಎದುರು ಮಾತು ಬಾರದೆ ಹೋದಾಗ ತನ್ನ ದನಿಯೇ ತನಗೆ ಕೇಳಿಸುತ್ತದೆ, ರೋಹಿಣಿಗೆ ಹಾಗಾಯಿತು.

ಕೊನೆಗೆ ಅವ್ವ ಅರಳೆ ತೆಗೆದು ಕಸದ ಡಬ್ಬಿಗೆ ಹಾಕಿ ಬಂದಳು. ತೊದಲುತ್ತಲೇ ಮಾತಾಡಿದಳು.

“ಊರ ಮಂದಿಗೆಲ್ಲಾ ಖಡಕ್ ರೊಟ್ಟಿ ಬಡದು ಹಾಕಿದೆ. ನಾ ಮಾತ್ರ ಸಾರಿನ್ಯಾಗ ನೆನಸಿ ನುಂಗಾಕತ್ತೇನಿ, ನೀ ನೋಡೇ ಇಲ್ಲ. ಖಾನಾವಳಿ ಮುಚ್ಚಿದ ದಿನಾನ ಮನಸ್ಸಿನ್ಯಾಗ ಮಾಡಿದೆ. ಬಾಡಿಗಿ ಬಂದದ್ದರಾಗ ಅರ್ಧ ತಿಜೋರ್ಯಾಗ ತಗದಿಟ್ಟು ದವಡ್ಯಾಗ ಗಟ್ಟಿ ಹಲ್ಲು ಕೂಡಿಸಕೊಳ್ಳೂದು, ಇನ್ನರ್ಧ ಉಂಡು ಉಟ್ಟು ತಿರಗ್ಯಾಡೂದು. ಹಲ್ಲು ಬರೂತನಕಾ ಮೂಲ್ಯಾಗ ಕುಂತಿರಲೇನು?”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ಏನಂತಿದ್ದಿ? ಈ ವಯಸ್ಸಿನ್ಯಾಗ ಯಾಕವ್ವಾ, ಕಳಚಿಡೂ ಅಗ್ಗದ ಕಟ್ಟು ಹಲ್ಲು ಸಾಲಂಗಿಲ್ಲೇನು ಅಂತಿದ್ದಿ.”

ರೋಹಿಣಿ ಇಲ್ಲ ಎನ್ನಲು ಬಾಯಿ ತೆರೆದಳು. ನಾಲಿಗೆಯ ತುದಿಯಲ್ಲಿದ್ದದ್ದು ಅದೇ ಮಾತು. ಆ ಹಣವನ್ನು ಅವಳು ಎಷ್ಟೋ ದಿನದ ಹಿಂದೆಯೇ ಮನಸ್ಸಿನಲ್ಲಿ ಸೈಟಿಗೆ ಕಟ್ಟಿ ಮುಗಿಸಿದ್ದಳು. ಕದಿಯುವವನನ್ನು ಹುಡುಕಿಕೊಂಡು ಬಂದವಳಿಗೆ ಸಿಕ್ಕಿದ್ದು ತಾನೇ.

“ನಿನಗ ಸಾಲಿ ಕಲಿಸೇನಿ, ಲಗ್ನ ಮಾಡೇನಿ,” ಎಂದಳು ಮಂಗಳವ್ವ, ಮೆತ್ತಗೆ. “ಸೈಟು ನೀವಿಬ್ರೂ ದುಡದು ತಗೋರಿ.”

“ಮತ್ತ ಇವ್ರು?” ರೋಹಿಣಿ ಗುಡ್ಡಪ್ಪನ ಕಡೆ ನೋಡದೆ ಕೇಳಿದಳು.

“ಮೊದಲ ಸಲ ಹಲ್ಲು ಕೀಳಿಸಿಕೊಂಡು ಹೊಂಟಾಗ ಬಸ್ಸಿನ್ಯಾಗ ತಲಿ ತಿರುಗಿ ಬಿದ್ದೆ. ಇವರ ಎಬ್ಬಿಸಿ ಮನಿತನಕಾ ಬಿಟ್ರು. ಆಮ್ಯಾಲಿಂದ ನಾನ ಕರೀತೇನಿ. ಇವರ ಜೋಡಿ ಮಾತಾಡಿದ್ರ ನನಗ ಹೊತ್ತು ಹೋಗತೈತಿ. ಸಾಕೋ, ಇನ್ನೂ ಹೇಳಬೇಕೋ?”

ಸಾಕು ಎಂದು ರೋಹಿಣಿ ತಲೆಯಾಡಿಸಿದಳು. ಪೂರಾ ಸಾಕಾಗಿರಲಿಲ್ಲ. ಆದರೆ ಮೆಟ್ಟಿಲಿಳಿಯುವಾಗ, “ಕಾಕಾ, ತಪ್ಪು ಮಾತಾಡಿದೆ,” ಎಂದಳು. ಗುಡ್ಡಪ್ಪ, “ಮಗಳಾದಾಕಿ ಕೇಳಬೇಕವ್ವಾ,” ಎಂದಷ್ಟೇ ಹೇಳಿ ಆಟೋ ಕರೆದ.

ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸಿಗೆ ಮಂದಿ ಮುಗಿಬಿದ್ದಿತ್ತು. ಗುಡ್ಡಪ್ಪ ಕಿಟಕಿಯಿಂದ ಕೈ ತೂರಿಸಿ ಟವೆಲ್ ಹಾಕಿ ಸೀಟು ಹಿಡಿದ. ಮಂಗಳವ್ವ ನೇರ ಹೋಗಿ ಕಿಟಕಿಯ ಪಕ್ಕ ಕುಳಿತಳು, ಎಷ್ಟೋ ದಿನದ ರೂಢಿಯವಳಂತೆ. ಅದನ್ನು ನೋಡಿದ ರೋಹಿಣಿಯ ಮನಸ್ಸಿನಲ್ಲಿ ಹಳೆಯ ಅನುಮಾನ ಮತ್ತೊಮ್ಮೆ ತಲೆ ಎತ್ತಿತು. ಈ ಸಲ ಅವಳು ಅದರ ಬೆನ್ನು ಹತ್ತಲಿಲ್ಲ.

ಬಸ್ಸು ಹೋದ ಮೇಲೆ ಮೈಲಾರಲಿಂಗ ಫೋನ್ ಮಾಡಿದ. “ಏನಾತು? ರೊಕ್ಕ ಎಲ್ಲಿ ಹೊಂಟೈತಂತ?”

“ಎಲ್ಲಿ ಹೋಗಬೇಕೋ ಅಲ್ಲಿಗೇ ಹೊಂಟೈತಿ,” ಎಂದಳು ರೋಹಿಣಿ. “ನಾಳೆ ನೀವು ಬ್ಯಾಂಕಿನ್ಯಾಗ ಸಾಲದ್ದು ಕೇಳ್ಕೊಂಡು ಬರ್ರಿ. ಆ ದೊಡ್ಡ ಸೈಟು ಬ್ಯಾಡ, ಸಣ್ಣದು ನೋಡೂಣು.”