ಸವಾರಿ ಎಲ್ಲಿಗೆ

ನಮ್ಮ ಯಜಮಾನರು ಶೇಷಗಿರಿಯವರಿಗೆ ಪ್ರವಾಸಕ್ಕಿಂತ ಪ್ರವಾಸದ ಪ್ಲಾನು ಇಷ್ಟ. ಆರ್.ಟಿ. ನಗರದ ನಮ್ಮ ಮನೆಯ ನಡುಮನೆಯಲ್ಲಿ ಕೂತೇ ಅವರು ಕಾಶಿ, ಬದರಿ, ಅಜಂತಾ ಎಲ್ಲವನ್ನೂ ನೋಡಿ ಮುಗಿಸಿದ್ದಾರೆ. ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು ನಾನೂ ಅಷ್ಟನ್ನೂ ನೋಡಿದ್ದೇನೆ. ಎಂಬತ್ತೊಂದರ ಬೇಸಿಗೆಯಲ್ಲಿ ನನ್ನ ಮೈದುನ ತ್ರಿವಿಕ್ರಮ ಯಾವುದೋ ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡು ಬಂದ. ಅದರ ಫೋಟೋದಲ್ಲಿ ಬಿಳಿಯರು ಕುದುರೆ ಕಟ್ಟಿ, ಗುಡಾರ ಹಾಕಿ, ಬೆಂಕಿಯ ಸುತ್ತ ಕೂತಿದ್ದರು.

"ಅಣ್ಣಾ, ಕುದುರೆ ಕ್ಯಾಂಪು! ರಾಜಾನುಕುಂಟೆ ಹತ್ರ ನಮ್ಮ ಆಫೀಸಿನವರ ಮಾವಿನ ತೋಪಿದೆ. ಶನಿವಾರ ಕುದುರೆ ಮೇಲೆ ಹೋಗೋದು, ರಾತ್ರಿ ಅಲ್ಲೇ ಮಲಗೋದು, ಭಾನುವಾರ ವಾಪಸ್ಸು."

"ಕುದುರೆ ಓಡ್ಸೋಕೆ ಬರತ್ತೇನೋ ನಿಂಗೆ?"

"ಸೈಕಲ್ ಹೊಡೀತೀನಲ್ಲ! ಅದಕ್ಕಾದ್ರೆ ಬ್ಯಾಲೆನ್ಸು ನಾವು ಮಾಡ್ಬೇಕು. ಕುದುರೆ ತಾನಾಗೇ ನಿಂತಿರತ್ತೆ."

ಈ ಮಾತು ಯಜಮಾನರಿಗೆ ಸರಿ ಎನ್ನಿಸಿತು. ಮಂಚದ ಮೇಲೆ ಮೊಣಕಾಲಿಗೆ ಎಣ್ಣೆ ನೀವಿಕೊಳ್ಳುತ್ತಿದ್ದ ಅತ್ತೆ ಸತ್ಯವತಮ್ಮನವರೂ ಧಾರಾಳವಾಗಿ ಒಪ್ಪಿದರು.

"ಹೋಗ್ಬನ್ರಪ್ಪ. ನನಗೇನು, ಕೌಸಲ್ಯಾ ಮನೇಲಿ ಇರ್ತಾಳಲ್ಲ."

ಕೌಸಲ್ಯಾ ಅಂದರೆ ನಾನೇ. ಮದುವೆಯಾದಾಗಿನಿಂದ ಕೇಳಿಕೊಂಡು ಬಂದಿರುವ ಮಾತು ಇದು. ಯಾರದೇ ಮದುವೆ, ಯಾವುದೇ ಸಿನಿಮಾ, ಕೊನೆಗೆ ನನ್ನ ತಂಗಿಯ ಸೀಮಂತಕ್ಕೂ ಇದೇ ಮಾತು. ಅತ್ತೆ ಕೆಟ್ಟವರಲ್ಲ. ಗದರಿದವರಲ್ಲ, ಬೈದವರಲ್ಲ. ದೀಪ ಹಚ್ಚಿದ ಮೇಲೆ ಮುಂಬಾಗಿಲಿನ ಕಬ್ಬಿಣದ ಗ್ರಿಲ್ಲಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ಅಷ್ಟೇ. ಆ ಬೀಗದ ಸದ್ದು ಕೇಳಿದರೆ ನಾನು ಈಗಲೂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ.

ಚಿಕ್ಕವಳಿದ್ದಾಗ ಸುಗ್ಗಿಯಲ್ಲಿ ಅಜ್ಜಿಯ ಜೊತೆ ಕಣ ಕಾಯಲು ಹೋಗಿ ಹುಲ್ಲಿನ ಮೇಲೆ ಮಲಗುತ್ತಿದ್ದೆ. ಮದುವೆಯಾದ ಮೇಲೆ ಒಂದು ರಾತ್ರಿಯೂ ಆಕಾಶದ ಕೆಳಗೆ ಮಲಗಿಲ್ಲ. ರಾಜಾನುಕುಂಟೆ, ತೋಪು, ರಾತ್ರಿ ಅಲ್ಲೇ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಆಸೆ ಹುಟ್ಟಿತು. ಕುದುರೆ ಯಾರಿಗೆ ಬೇಕು? ಒಂದು ರಾತ್ರಿ ಸಿಕ್ಕರೆ ಸಾಕಿತ್ತು.

ನನ್ನನ್ನು ಆ ಪ್ಲಾನಿಗೆ ಸೇರಿಸಿದ್ದು ಯಜಮಾನರ ಹೊಟ್ಟೆ. ಹೋಟೆಲಿನ ಊಟ ಅವರಿಗೆ ಆಗುವುದಿಲ್ಲ. ಪೂರಿ ಕಟ್ಟಿಸಿಕೊಂಡು ಹೋದರೆ ಎದೆ ಉರಿ. ತೋಪಿನಲ್ಲಿ ಅನ್ನ ಸಾರು ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಅಣ್ಣತಮ್ಮಂದಿರು ಇಬ್ಬರೂ ಅಡುಗೆಮನೆ ಕಡೆ ತಿರುಗಿದರು.

"ಅತ್ತಿಗೆ ಬಸ್ಸಲ್ಲಿ ಬರ್ಲಿ, ಪಾತ್ರೆ ತಗೊಂಡು," ಎಂದ ತ್ರಿವಿಕ್ರಮ.

ಬಸ್ಸಾಗಲಿ, ಪಾತ್ರೆಯಾಗಲಿ, ನನಗೆ ಎಲ್ಲಿಲ್ಲದ ಸಂತೋಷ. ಆ ರಾತ್ರಿಯ ಮಟ್ಟಿಗೆ ಅತ್ತೆಯ ಜೊತೆ ಇರಲು ನಾದಿನಿ ಪಂಕಜಾ ಮಲ್ಲೇಶ್ವರದಿಂದ ಬರುವುದೆಂದಾಯಿತು. ಕುದುರೆ ಗೊತ್ತು ಮಾಡಲು ಯಜಮಾನರು ಯಶವಂತಪುರ ಸ್ಟೇಷನ್ನಿನ ಮುಂದೆ ಜಟಕಾದವರ ಹತ್ತಿರ ಹೋದರು. ಮೊಯಿನುದ್ದೀನ್ ಎಂಬಾತನಿಗೆ, "ಶನಿವಾರ ಬೆಳಿಗ್ಗೆ ಸವಾರಿಗೆ ಎರಡು ಕುದುರೆ ಬೇಕು," ಎಂದರಂತೆ. "ಸವಾರಿ ಎಷ್ಟು ಸಾರ್?" ಎಂದು ಆತ ಕೇಳಿದನಂತೆ. "ಇಬ್ಬರದೂ ಸವಾರಿ," ಎಂದು ಇವರು ಹೇಳಿ, ಮುಂಗಡ ಕೊಟ್ಟು, ಮೀಸೆ ತಿರುವಿಕೊಂಡು ಬಂದರು. ಬರುವ ದಾರಿಯಲ್ಲೇ ಇಡೀ ಬೀದಿಗೆ ಸುದ್ದಿ ಹರಡಿದರು.

ಶನಿವಾರ ಬೆಳಿಗ್ಗೆ ಯಜಮಾನರು ಎರವಲು ತಂದ ಗಂಬೂಟು ಹಾಕಿಕೊಂಡು ಗೇಟಿನಲ್ಲಿ ನಿಂತರು. ತ್ರಿವಿಕ್ರಮನ ತಲೆಯ ಮೇಲೆ ಹ್ಯಾಟು. ಅಕ್ಕಪಕ್ಕದವರು ಹಲ್ಲುಜ್ಜುತ್ತಾ ಕಾಂಪೌಂಡಿಗೆ ಬಂದರು. ಬೀದಿಯ ತುದಿಯಲ್ಲಿ ಗೊರಸಿನ ಸದ್ದಾಯಿತು. ಎರಡು ಕುದುರೆಗಳೇನೋ ಬಂದವು, ಆದರೆ ಅವುಗಳ ಹಿಂದೆ ಎರಡು ಜಟಕಾ ಗಾಡಿಗಳೂ ಬಂದವು. ಒಂದರಲ್ಲಿ ಮೊಯಿನುದ್ದೀನ್, ಇನ್ನೊಂದರಲ್ಲಿ ಬಿಳಿ ಗಡ್ಡದ ಗುಲಾಮ್ ರಸೂಲ್.

"ಸವಾರಿ ಎಲ್ಲಿ ಸಾರ್?" ಎಂದ ಮೊಯಿನುದ್ದೀನ್.

"ನಾವೇ ಕಣಯ್ಯಾ ಸವಾರಿ ಮಾಡೋರು! ಗಾಡಿ ಯಾಕೆ ತಂದೆ?"

"ಗಾಡಿ ಇಲ್ದೆ ಸವಾರಿನ ಎಲ್ಲಿ ಕೂರಿಸ್ಲಿ ಸಾರ್? ನಮ್ಮಲ್ಲಿ ಸವಾರಿ ಅಂದ್ರೆ ಗಾಡೀಲಿ ಕೂತ್ಕೊಳ್ಳೋ ಜನ. ಈ ಕುದುರೆ ಬೆನ್ನ ಮೇಲೆ ಯಾವತ್ತೂ ಯಾರೂ ಹತ್ತಿಲ್ಲ. ನೀವು ಹತ್ತಿದ್ರೆ ಒದೀತದೆ."

ಎದುರುಮನೆಯ ಮುನಿಶಾಮಪ್ಪನವರು ಬಾಯಲ್ಲಿದ್ದ ಪೇಸ್ಟಿನ ಸಮೇತ ನಕ್ಕರು. ಯಜಮಾನರ ಮುಖ ಕೆಂಪಾಯಿತು.

ನಾನು ಅಷ್ಟು ಹೊತ್ತಿಗೆ ಗುಲಾಮ್ ರಸೂಲನ ಗಾಡಿಯಲ್ಲಿ ಕೂತಾಗಿತ್ತು. ಸ್ಟವ್ವು, ಪಾತ್ರೆ, ಡಿಕಾಕ್ಷನ್ ಬಾಟಲಿ, ಹಾಲಿನ ಕೂಜಾ ಎಲ್ಲ ಗಾಡಿಗೆ ಏರಿಸಿದ್ದೆ. ಬಸ್ಸಿಗಿಂತ ಇದೇ ವಾಸಿ, ಎಲ್ಲರೂ ಜಟಕಾದಲ್ಲೇ ಹೋಗಬಹುದು ಎಂದು ನಾನು ಪೆದ್ದಿಯ ಹಾಗೆ ಖುಷಿಪಡುತ್ತಿದ್ದೆ.

"ಜಟಕಾದಲ್ಲಿ ಕ್ಯಾಂಪಿಗೆ ಹೋಗೋಕೆ ನಾವೇನು ಸ್ಟೇಷನ್ನಿಗೆ ಹೊರಟಿದ್ದೀವಾ? ಕ್ಯಾನ್ಸಲ್!" ಎಂದು ಯಜಮಾನರು ಕೂಗಿದರು.

ಒಳಗಿನಿಂದ ಅತ್ತೆಯ ಸ್ವರ ಬಂತು. "ಹೋಗ್ಲಿ ಬಿಡ್ರಪ್ಪ. ಕೌಸಲ್ಯಾ, ಬಂದು ಎಲ್ಲರಿಗೂ ಒಂದೊಂದು ಲೋಟ ಕಾಫಿ ಮಾಡು."

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಗಂಬೂಟಿನ ಮರ್ಯಾದೆಗಾಗಿ ನನ್ನ ಒಂದು ರಾತ್ರಿ ಹೋಯಿತಲ್ಲ! ಮುಂಗಡದ ವಿಷಯಕ್ಕೆ ಜಗಳ ಶುರುವಾಯಿತು. ಮೊಯಿನುದ್ದೀನ್ ತಿರುಗಿ, "ಚಾಚಾ, ಗಾಡಿ ತಿರುಗಿಸ್ಕೊಂಡು ಬಾ," ಎಂದು ಗುಲಾಮ್ ರಸೂಲನಿಗೆ ಹೇಳಿದ. ಬೀದಿಯಲ್ಲಿ ಪೈಪಿಗಾಗಿ ಗುಂಡಿ ತೋಡಿದ್ದರಿಂದ ಮೂಲೆಯವರೆಗೆ ಹೋಗದೆ ಗಾಡಿ ತಿರುಗುವಂತಿರಲಿಲ್ಲ. ನಾನು ಇಳಿಯಲಿಲ್ಲ.

"ಹಿಂದೆ ಭಾರ ಆಯ್ತು. ಸ್ವಲ್ಪ ಮುಂದಕ್ಕೆ ಬನ್ನಿ ಅಮ್ಮ," ಎಂದ ಮುದುಕ. ಮುಂದಕ್ಕೆ ಸರಿದು ಕೂತೆ. ಮೂಲೆಯಲ್ಲಿ ಅವನು ಲಗಾಮು ಎಳೆದು ಹಿಂದಿರುಗಿ ನೋಡಿದ.

"ಸವಾರಿ ಎಲ್ಲಿಗಮ್ಮ?"

ಎಷ್ಟೋ ವಾರ ನಮ್ಮ ಮನೆಯಲ್ಲಿ ಆ ಪ್ಲಾನು ನಡೆದಿತ್ತು. ನನ್ನನ್ನು ಹೀಗೆ ಕೇಳಿದವನು ಅವನೊಬ್ಬನೇ.

"ರಾಜಾನುಕುಂಟೆ," ಎಂದೆ. "ಮಾತಾಗಿದೆಯಲ್ಲ, ನಡೀರಿ. ಅವರು ಹಿಂದೆ ಬರ್ತಾರೆ."

ಬಳ್ಳಾರಿ ರಸ್ತೆಗೆ ಬಂದಾಗ ಗಾಳಿ ಬೀಸಿ ಸೆರಗು ಹಾರಿತು. ಮರಗಳ ನೆರಳಲ್ಲಿ ಕುದುರೆ ಸಲೀಸಾಗಿ ಓಡಿತು. ಯಾರಾದರೂ ಬೆನ್ನಟ್ಟಿ ಬರುತ್ತಾರೆ ಎಂದು ಹೆದರಿ ಹೆದರಿ ಹಿಂದೆ ನೋಡಿದೆ. ಯಾರೂ ಬರಲಿಲ್ಲ. ಹೆಬ್ಬಾಳದ ಕೆರೆ ಏರಿಯ ಹತ್ತಿರ ಕುದುರೆಗೆ ನೀರು ಕುಡಿಸಬೇಕೆಂದು ಮುದುಕ ಗಾಡಿ ನಿಲ್ಲಿಸಿದ. ಅಲ್ಲಿಂದ ಮುಂದೆ ಯಲಹಂಕ, ಅದರಾಚೆ ರಾಜಾನುಕುಂಟೆ. ನಾನು ಇಳಿದು ಕಲ್ಲಿನ ಮರೆಯಲ್ಲಿ ಸ್ಟವ್ ಹಚ್ಚಿ ಹಾಲು ಕಾಯಿಸಿದೆ. ಕಾಫಿ ಬೆರೆಸಿದೆ. ಮುದುಕನಿಗೆ ಒಂದು ಲೋಟ ಕೊಟ್ಟೆ, ನಾನೊಂದು ಹಿಡಿದೆ.

"ಇನ್ನೊಂದು ಯಾರಿಗಮ್ಮ?" ಎಂದ ಅವನು.

ನೋಡಿದರೆ ಕಲ್ಲಿನ ಮೇಲೆ ಮೂರನೆಯ ಲೋಟ ಇತ್ತು. ಸಕ್ಕರೆ ಕಡಿಮೆ ಹಾಕಿ, ಮೇಲೆ ಬಟ್ಟಲು ಮುಚ್ಚಿ, ಅತ್ತೆಗೆಂದು ಎತ್ತಿಟ್ಟಿದ್ದೆ. ದಿನದ ಅಭ್ಯಾಸದಂತೆ ಎಲ್ಲರಿಗಿಂತ ಮೊದಲು ಅದನ್ನೇ ತುಂಬಿಸಿರಬೇಕು. ಯಾವಾಗ ತುಂಬಿಸಿದೆ ಎಂಬುದೂ ನನಗೆ ತಿಳಿಯಲಿಲ್ಲ.

ಆಗ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಮುದುಕ ಕೆರೆಯ ಕಡೆ ತಿರುಗಿ ಕೂತ. ಬೇಸಿಗೆಯ ಕೆರೆ ಅರ್ಧ ಬತ್ತಿತ್ತು, ಬೆಳ್ಳಕ್ಕಿಗಳು ಕೆಸರಿನಲ್ಲಿ ಓಡಾಡುತ್ತಿದ್ದವು. ಎದ್ದು ಪಾತ್ರೆಗಳನ್ನು ಗಾಡಿಗೆ ಹಾಕಿದೆ. ಆ ಮೂರನೆಯ ಲೋಟವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡೆ.

"ತಿರುಗಿಸಿ," ಎಂದೆ.

ಮನೆಗೆ ಬಂದಾಗ ಜಗಳ ಮುಗಿದಿತ್ತು. ನನ್ನನ್ನು ಹುಡುಕಲು ಯಾರೂ ಹೊರಟಿರಲಿಲ್ಲ. ಯಜಮಾನರು ಗಂಬೂಟು ಬಿಚ್ಚಿ, ನಡುಮನೆಯಲ್ಲಿ ತ್ರಿವಿಕ್ರಮನ ಜೊತೆ ನಕ್ಷೆ ಹರಡಿಕೊಂಡು ಕೂತಿದ್ದರು. ಈ ಸಲ ದೋಣಿಯ ಪ್ಲಾನು.

"ಏನೇ ಇದು, ಒಂದು ಗಾಡಿ ತಿರುಗಿಸೋಕೆ ಇಷ್ಟು ಹೊತ್ತಾ?"

"ತಿರುಗಿಸೋಕೆ ಜಾಗ ಸಿಗ್ಲಿಲ್ಲ ಕಣ್ರೀ," ಎಂದೆ. "ಹೆಬ್ಬಾಳದವರೆಗೂ ಹೋಗ್ಬೇಕಾಯ್ತು."

ಅವರು ನಕ್ಷೆಯಿಂದ ತಲೆ ಎತ್ತಲಿಲ್ಲ. ಅತ್ತೆಯ ಕಾಫಿ ಆರಿಹೋಗಿತ್ತು. ಬಿಸಿ ಮಾಡಿ ಕೊಟ್ಟೆ.