ಹಾರನ್ನಿಗೊಂದು ತುತ್ತು

ಕದಿರೇನಹಳ್ಳಿಯ ಬೈರಮ್ಮ ಹಾವಿಗೆ ಹೆದರಿದವಳಲ್ಲ, ಅತ್ತೆಗೆ ಹೆದರಿದವಳಲ್ಲ. ಗಂಡ ಬೋರಣ್ಣನಿಗೆ ಹೆದರುವ ಮಾತೇ ಇರಲಿಲ್ಲ. ಅವನೇ ಅವಳ ಕಣ್ಣು ತಪ್ಪಿಸಿ ಬೀಡಿ ಸೇದುತ್ತಿದ್ದ. ಅಂಥ ಗಟ್ಟಿ ಹೆಂಗಸು ಆ ವರ್ಷ ಕನಕಪುರ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಸಾಕು, ಎದೆ ಹಿಡಿದುಕೊಂಡು ನಿಲ್ಲುವಂತಾದಳು. ಅವಳ ಸೆರಗಿನೊಳಗೆ ಒಂದು ನಾಯಿಮರಿ ಗಡಗಡ ನಡುಗುತ್ತ ಕೂತಿರುತ್ತಿತ್ತು. ಹೆದರಿಕೆಯೆಲ್ಲ ಅದರದ್ದು, ಎದೆ ಹೊಡೆದುಕೊಳ್ಳುತ್ತಿದ್ದದ್ದು ಬೈರಮ್ಮನದು.

ನಗುವಂಥ ವಿಷಯವಲ್ಲ. ಆ ಮರಿ ಹೆದರಿದರೆ ಗೌರಿ ಹಾಲು ಕೊಡುತ್ತಿರಲಿಲ್ಲ. ಗೌರಿ ಹಾಲು ಕೊಡದಿದ್ದರೆ ಬೋರಣ್ಣ ಅದರ ಹಗ್ಗವನ್ನು ದಲ್ಲಾಳಿಯ ಕೈಗೆ ಕೊಟ್ಟು ಕಳಿಸಿಬಿಡುತ್ತಿದ್ದ.

ಗೌರಿ ತಲಘಟ್ಟಪುರದ ಹಸು. ಬೈರಮ್ಮನ ತವರಿನ ಕೊಟ್ಟಿಗೆಯಲ್ಲಿ ಹುಟ್ಟಿ, ಅವಳ ಹಿಂದೆಯೇ ಕದಿರೇನಹಳ್ಳಿಗೆ ನಡೆದುಕೊಂಡು ಬಂದದ್ದು. ಹೊಲ ಬಡಾವಣೆಗೆ ಹೋದ ಮೇಲೆ ಬೋರಣ್ಣ ಎತ್ತುಗಳನ್ನು ಮಾರಿದ, ಗಾಡಿ ಮಾರಿದ, ನೇಗಿಲನ್ನು ಅಟ್ಟಕ್ಕೆ ಹಾಕಿದ. ಮಗಳನ್ನು ಉತ್ತರಹಳ್ಳಿಗೆ ಕೊಟ್ಟಾಗಿತ್ತು. ಹಾಗಾಗಿ ಬೈರಮ್ಮ ದಿನವಿಡೀ ಮಾತಾಡುತ್ತಿದ್ದದ್ದು ಗೌರಿಯ ಜೊತೆಗೇ. ಸೊಸೆಯಂದಿರ ಮೇಲೆ ಊರಿನ ಹೆಂಗಸರು ಹೇಳುವ ದೂರುಗಳನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದಳು. ಅದೂ ಮೆಲುಕು ಹಾಕುತ್ತ ಕೇಳುತ್ತಿತ್ತು, ಬೋರಣ್ಣನ ಹಾಗೆ ನಡುವೆ ಎದ್ದು ಹೋಗುತ್ತಿರಲಿಲ್ಲ.

ಆಗಿನ್ನೂ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಇದ್ದ ಮನೆಯವರಿಗೋ ಹಾಲಿನವರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬರಬೇಕು, ಖಾಲಿ ಚೊಂಬನ್ನು ಮಗುಚಿ ತೋರಿಸಬೇಕು, ಅವರ ಕಣ್ಣೆದುರಿಗೇ ಕರೆಯಬೇಕು. ದಿನವೂ ತಪ್ಪದೆ ಹಾಲು ಹಾಕಿಸಿಕೊಳ್ಳುವ ವರ್ತನೆ ಮನೆಗಳಲ್ಲಿ ಬೈರಮ್ಮನಿಗೆ ದೊಡ್ಡದು ಗಿರಿಜಾದೇವಿಯವರ ಮನೆ. ಅವರ ಮಗಳು ಜಯದೇವಿ ಬಾಣಂತನಕ್ಕೆ ಬಂದಿದ್ದಳು, ಎದೆಹಾಲು ಸಾಲುತ್ತಿರಲಿಲ್ಲ. ಕೂಸಿಗೆ ಹತ್ತು ಹಸುವಿನ ಹಾಲು ಬೆರೆಸಿ ಕುಡಿಸಬಾರದು, ಒಂದೇ ಹಸುವಿನದು ಆಗಬೇಕು ಎಂದು ಗಿರಿಜಾದೇವಿ ಹಟ ಹಿಡಿದಿದ್ದರು. ಆ ಒಂದು ಹಸು ಗೌರಿ.

ಅಷ್ಟರಲ್ಲಿ ಗೌರಿಯ ಕರು ಸತ್ತಿತು. ಕರು ಮುಂದಿಲ್ಲದೆ ಹಸು ಹಾಲು ಇಳಿಸುವುದಿಲ್ಲ. ಬೋರಣ್ಣ ಎಲ್ಲರೂ ಮಾಡುವಂತೆ ಅದರ ಚರ್ಮಕ್ಕೆ ಹುಲ್ಲು ತುಂಬಿಸಿ ಕಾಲು ಕಟ್ಟಿ ಗೌರಿಯ ಮುಂದಿಟ್ಟ. ಗೌರಿ ಒಂದು ಸಲ ಮೂಸಿತು, ಮುಖ ತಿರುಗಿಸಿತು. ಗಿರಿಜಾದೇವಿಯಂತೂ ಬಾಗಿಲಿಂದಲೇ ಕೈಯಾಡಿಸಿದರು.

"ಅದನ್ನ ನಮ್ಮ ಮನೆ ಮುಂದೆ ತರಬೇಡ ಬೈರಮ್ಮ. ಬಾಣಂತಿ ಇರೋ ಮನೆ."

ಹಸು ಹಾಲು ಬಿಡದೆ ಕೆಚ್ಚಲು ಬಿಗಿದುಕೊಂಡು ನರಳುತ್ತಿದ್ದಾಗ ದಾರಿ ತೋರಿಸಿದ್ದು ಬಣವೆಯ ಹಿಂದೆ ಈದಿದ್ದ ಬೀದಿನಾಯಿಯ ಮರಿ. ತಾಯಿ ಅದನ್ನು ಬಿಟ್ಟು ಹೋಗಿತ್ತು. ಚಳಿಗೆ ಕೊಟ್ಟಿಗೆಗೆ ನುಸುಳಿ ಗೌರಿಯ ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ಬೆಳಿಗ್ಗೆ ಬೈರಮ್ಮ ಹೋಗಿ ನೋಡಿದರೆ ಗೌರಿ ಅದನ್ನು ತಲೆಯಿಂದ ಬಾಲದವರೆಗೆ ನೆಕ್ಕುತ್ತಿದೆ, ಮೊಲೆಗಳಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿದೆ. ಬೈರಮ್ಮ ಚೊಂಬಿಗಾಗಿ ಓಡಿದ ಓಟಕ್ಕೆ ಸೀರೆಯ ನಿರಿಗೆ ಬಿಚ್ಚಿಹೋಯಿತು. ಮರಿಗೆ ಕೆಂಚ ಎಂದು ಹೆಸರಿಟ್ಟಳು.

ಹಳ್ಳಿಯೊಳಗೆ ಎಲ್ಲ ಸರಿಯಿತ್ತು. ಕನಕಪುರ ರಸ್ತೆ ದಾಟಬೇಕಲ್ಲ, ಅಲ್ಲಿ ಹಿಡಿಯಿತು ಗ್ರಹಚಾರ. ಜಲ್ಲಿ ತುಂಬಿದ ಲಾರಿಗಳು, ಬಸ್ಸು, ಹೊಸ ರಸ್ತೆಗೆ ಬಂದಿದ್ದ ರೋಡ್ ರೋಲರ್. ಹಾರನ್ ಕೇಳಿದೊಡನೆ ಕೆಂಚ ಸೆರಗಿನೊಳಗೆ ಕಿರುಚುತ್ತಿತ್ತು, ಪರಚುತ್ತಿತ್ತು, ಉಚ್ಚೆ ಹೊಯ್ದುಬಿಡುತ್ತಿತ್ತು. ಗಿರಿಜಾದೇವಿಯವರ ಮನೆಯೂ ಬಸ್ಸು ಓಡುವ ರಸ್ತೆಯ ಮೇಲೆಯೇ. ಅಲ್ಲಿ ಇಳಿಸಿದರೆ ಗೋಡೆಯ ಮೂಲೆಗೆ ನುಗ್ಗಿ ಬೆನ್ನು ತೋರಿಸಿ ಕೂರುತ್ತಿತ್ತು. ಮರಿ ನೆಕ್ಕಲು ಸಿಗದೆ ಗೌರಿ ಹಾಲು ಏರಿಸಿಕೊಳ್ಳುತ್ತಿತ್ತು. ಚೊಂಬಿನ ತಳ ಮುಚ್ಚುವಷ್ಟು ಬಂದರೆ ಅದೇ ಪುಣ್ಯ. ಒಳಗೆ ಕೂಸು ಅಳುತ್ತಿರುವುದು ಬೈರಮ್ಮನಿಗೆ ಕೇಳುತ್ತಿತ್ತು.

"ಇದಕ್ಯಾಕೆ ಇಷ್ಟು ಒದ್ದಾಡ್ತೀಯ?" ಎಂದ ಬೋರಣ್ಣ. "ಹೊಸ ಹೋರೀನ ಹಳೇ ಎತ್ತಿನ ಜೊತೆ ಕಟ್ಟಿದ್ರೆ ತಾನೇ ದಾರಿಗೆ ಬರ್ತದೆ. ಎಷ್ಟು ಹೋರಿ ಪಳಗ್ಸಿಲ್ಲ ನಾನು?"

"ಅದು ಹೋರಿ ಏನ್ರೀ? ಅಂಗೈಯಗಲ ಮರಿ ಅದು."

"ನಿಂಗೆ ಗೊತ್ತಾಗಕಿಲ್ಲ ಸುಮ್ಕಿರು."

ಎತ್ತು ಮಾರಿದ ಮೇಲೆ ಪಳಗಿಸಲು ಏನೂ ಸಿಗದೆ ಅವನ ಕೈ ತುರಿಸುತ್ತಿತ್ತೋ ಏನೋ. ಮಾರನೆಯ ಬೆಳಿಗ್ಗೆ ಕೆಂಚನ ಕತ್ತಿಗೊಂದು ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಗೌರಿಯ ಕೊರಳ ಹಗ್ಗಕ್ಕೆ ಗಂಟು ಹಾಕಿ, ಎರಡನ್ನೂ ಗಾಡಿ ಹೊಡೆಯುವ ಠೀವಿಯಲ್ಲಿ ರಸ್ತೆಗೆ ಹೊಡೆದ. ಬೈರಮ್ಮ ಹಿಂದೆ ಬೇಡ ಬೇಡ ಎನ್ನುತ್ತಲೇ ಬಂದಳು. ಲಾರಿಯೊಂದು ಬೆನ್ನ ಹಿಂದೆ ಹಾರನ್ ಒತ್ತಿತು. ಕೆಂಚ ಗೌರಿಯ ಕಾಲ ನಡುವೆ ನುಗ್ಗಿತು, ಆಚೆ ಬಂತು, ಮತ್ತೆ ನುಗ್ಗಿತು. ಹಗ್ಗ ಮುಂಗಾಲಿಗೆ ಸುತ್ತಿಕೊಂಡು ಗೌರಿ ಜಲ್ಲಿಯ ಮೇಲೆ ಮೊಣಕಾಲೂರಿ ಬಿತ್ತು. ಎಬ್ಬಿಸಿದಾಗ ಎರಡೂ ಮೊಣಕಾಲಿನ ಚರ್ಮ ಕಿತ್ತು ರಕ್ತ ಸೋರುತ್ತಿತ್ತು. ಬೋರಣ್ಣ ಹಗ್ಗ ಕೊಯ್ದು ಹಾಕಿ, ಯಾರ ಮುಖವನ್ನೂ ನೋಡದೆ ನಿಂತ.

ಆ ದಿನ ಒಂದು ತೊಟ್ಟು ಹಾಲೂ ಬರಲಿಲ್ಲ. ಗಿರಿಜಾದೇವಿ ಸಿಟ್ಟು ಮಾಡಲಿಲ್ಲ, ಅದೇ ಬೈರಮ್ಮನಿಗೆ ಹೆಚ್ಚು ಚುಚ್ಚಿತು.

"ಕೂಸಿಗೆ ಎಷ್ಟು ದಿನ ಸಕ್ಕರೆ ನೀರು ಕೊಡ್ಲಿ ಹೇಳು? ನಿನ್ನ ಹಸು ದಾರಿಗೆ ಬಂದ್ರೆ ಸಂತೋಷ. ಇಲ್ಲಾಂದ್ರೆ ಅಮಾವಾಸ್ಯೆ ಕಳೆದ ಮೇಲೆ ಬೇರೆಯವರಿಗೆ ಹೇಳ್ತೀನಿ. ತಪ್ಪು ತಿಳ್ಕೋಬೇಡ."

ಮನೆಗೆ ಬಂದು ಇದನ್ನು ಹೇಳಿದಾಗ ಬೋರಣ್ಣ ಗೌರಿಯ ಮೊಣಕಾಲಿಗೆ ಅರಿಸಿನ ಮೆತ್ತುತ್ತಿದ್ದ. ತಲೆಯೆತ್ತದೆ ಅಂದ, "ಆ ಮನೆ ತಪ್ಪಿದ್ರೆ ಹಿಂಡಿ ಎಲ್ಲಿಂದ ತರೋದು? ಅಮಾವಾಸ್ಯೆಗೆ ದಲ್ಲಾಳಿಗೆ ಬರಕ್ಕೆ ಹೇಳ್ತೀನಿ. ನಂಗೇನು ಖುಷಿನಾ?"

ಕೆಂಚ ಒಲೆಯ ಹಿಂದೆ ಬೂದಿಯಲ್ಲಿ ಹುದುಗಿ ಕೂತಿತ್ತು, ಕರೆದರೆ ಬರಲಿಲ್ಲ. ಬೈರಮ್ಮ ರಾಗಿ ಮುದ್ದೆಯ ತುಣುಕೊಂದನ್ನು ಕೈಯಲ್ಲಿಟ್ಟುಕೊಂಡು ಬೇರೆ ಕಡೆ ನೋಡುತ್ತ ಕೂತಳು. ಬಹಳ ಹೊತ್ತಾದ ಮೇಲೆ ಅಂಗೈಗೆ ಒದ್ದೆ ಮೂಗು ತಾಗಿತು.

ಆಗ ಹೊಳೆಯಿತು. ಹೆದರಿದ ಮಕ್ಕಳಿಗೂ ಅವಳು ಮಾಡುತ್ತಿದ್ದದ್ದು ಇದನ್ನೇ, ಗುಡುಗಿದಾಗಲೆಲ್ಲ ಬಾಯಿಗೊಂದು ಬೆಲ್ಲದ ಚೂರು.

ಮಾರನೆಯ ದಿನ ಮಧ್ಯಾಹ್ನ ಕೆಲಸ ಮುಗಿಸಿ, ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಕೆಂಚನನ್ನು ಎತ್ತಿಕೊಂಡು ರಸ್ತೆಯಿಂದ ಬಲು ದೂರದ ಹೊಂಗೆ ಮರದ ಕೆಳಗೆ ಕೂತಳು. ಅಲ್ಲಿಗೆ ಬಸ್ಸಿನ ಸದ್ದು ಜೇನಿನ ಗುಂಯ್‌ಗುಟ್ಟುವಿಕೆಯಷ್ಟೇ ಕೇಳುತ್ತಿತ್ತು. ಹಾರನ್ ಆದಾಗೊಂದು ತುತ್ತು. ಕೆಂಚ ಕಿವಿ ನಿಮಿರಿಸಿತು, ತಿಂದಿತು. ಮರುದಿನ ಮರದಿಂದ ತುಸು ಮುಂದೆ, ಬೇಲಿಯ ಹತ್ತಿರ. ಅದರ ಮರುದಿನ ಮೋರಿಯ ಹತ್ತಿರ. ಒಂದು ದಿನ ರೋಡ್ ರೋಲರ್ ಉಸಿರುಗಟ್ಟಿ ಹೊಗೆಯುಗುಳಿದ್ದಕ್ಕೆ ಕೆಂಚ ಮತ್ತೆ ಹೊಂಗೆ ಮರದವರೆಗೂ ಓಡಿತು. ಬೈರಮ್ಮನಿಗೆ ಅಳು ಬಂತು. ಅಮಾವಾಸ್ಯೆಯ ಕಡೆಗೆ ಚಂದ್ರ ಸವೆಯುತ್ತಿದ್ದ, ಇದು ನೋಡಿದರೆ ಹಿಂದಕ್ಕೆ ಓಡುತ್ತಿದೆ. ಆದರೂ ಬೈಯಲಿಲ್ಲ, ಎಳೆಯಲಿಲ್ಲ. ಮರದಿಂದಲೇ ಮತ್ತೆ ಶುರು ಮಾಡಿದಳು. ದಾರಿಹೋಕರು ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ನೋಡಿಕೊಂಡು ಹೋದರು. ಪ್ರತಿ ಹಾರನ್ನಿಗೂ ಮೊದಲು ಬೆಚ್ಚುತ್ತಿದ್ದದ್ದು ಅವಳೇ.

ಅಮಾವಾಸ್ಯೆಗೆ ಮುಂಚೆ ಕೆಂಚ ತನ್ನ ನಾಲ್ಕು ಕಾಲಿನ ಮೇಲೆ ತಾನೇ ಕನಕಪುರ ರಸ್ತೆ ದಾಟಿತು. ಬಸ್ಸು ಪಕ್ಕದಲ್ಲೇ ಬೊಬ್ಬೆ ಹೊಡೆದು ಹೋಯಿತು. ಕೆಂಚ ಬೈರಮ್ಮನ ಕೈ ನೋಡಿ ಬಾಲ ಆಡಿಸಿತು. ಗಿರಿಜಾದೇವಿಯವರ ಗೇಟಿನ ಮುಂದೆ ಗೌರಿ ಅದನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡಿತು, ಚೊಂಬು ನೊರೆಯುಕ್ಕಿ ತುಂಬಿತು. ಒಳಗೆ ಅಳು ನಿಂತಿತು. ಬೈರಮ್ಮನಿಗೆ ಆ ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಬೋರಣ್ಣ ದಲ್ಲಾಳಿಗೆ ಏನೋ ಸುಳ್ಳು ಹೇಳಿ ಕಳಿಸಿದ. ಊರೆಲ್ಲ ಬೈರಮ್ಮ ಹೇಳಿಕೊಂಡಳು, "ನನ್ ಕೆಂಚಂಗೆ ಈಗ ಹಾರನ್ ಅಂದ್ರೆ ಪ್ರಾಣ!"

ಆ ಮಾತು ಎಷ್ಟು ನಿಜವೆಂದು ಅವಳೇ ಯೋಚಿಸಲಿಲ್ಲ. ಹಾರನ್ ಕೇಳಿದರೆ ಕೆಂಚ ಎಲ್ಲಿದ್ದರೂ ಓಡಿಬಂದು ಅವಳ ಅಂಗೈಗೆ ಮೂಗು ಹಾಕುತ್ತಿತ್ತು. ಅವಳಿಗೋ ಅದು ಹೆಮ್ಮೆ.

ಕಾರ್ತಿಕದ ಒಂದು ಬೆಳಿಗ್ಗೆ. ಗಿರಿಜಾದೇವಿಯವರ ಮನೆಯೆದುರು, ರಸ್ತೆಯಾಚೆ ಹೊಸ ಮನೆ ಏಳುತ್ತಿತ್ತು. ಬೈರಮ್ಮ ಚೊಂಬು ಮಗುಚಿ ತೋರಿಸಿ, ಗೌರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ನೀರು ಚಿಮುಕಿಸಿದಳು. ಕೆಂಚ ಪಕ್ಕದಲ್ಲಿಲ್ಲ. ನೋಡಿದರೆ ಎದುರಿನ ಮರಳ ಗುಡ್ಡೆಯ ಮೇಲೆ ಹೊರಳಾಡುತ್ತಿದೆ. ಬೆಳೆದ ನಾಯಿ, ಧೈರ್ಯ ಬಂದ ನಾಯಿ, ಅದಕ್ಕೆ ಹಸುವಿನ ಹೊಟ್ಟೆಯ ಆಸರೆ ಇನ್ನು ಯಾಕೆ ಬೇಕು? ಗೌರಿ ಕತ್ತು ತಿರುಗಿಸಿ ಹುಡುಕಿತು, ಕಾಲು ಝಾಡಿಸಿತು. ಹಾಲು ಬರಲಿಲ್ಲ.

"ಕೆಂಚಾ! ಬಾರೋ!" ಎಂದು ಬೈರಮ್ಮ ಕೂಗಬೇಕೆಂದುಕೊಂಡಳು. ಕೂಗುವುದಕ್ಕೆ ಮೊದಲೇ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು.

ಮರಳಿನ ಮೇಲೆ ಕೆಂಚ ನೆಟ್ಟಗೆ ಎದ್ದು ನಿಂತಿತು. ಅವಳನ್ನು ನೋಡಿತು. ಆಮೇಲೆ ಕಿವಿ ಹಾರಿಸಿಕೊಂಡು, ನಾಲಿಗೆ ಚಾಚಿಕೊಂಡು, ಹಬ್ಬಕ್ಕೆ ಕರೆದವರ ಹಾಗೆ ರಸ್ತೆಗೆ ಇಳಿಯಿತು. ಬಸ್ಸು ಬರುತ್ತಿದೆ. ಡ್ರೈವರ್ ಕಂಡಿದ್ದಾನೆ, ಹಾರನ್ ಮೇಲೆ ಹಾರನ್ ಒತ್ತುತ್ತಿದ್ದಾನೆ. ಅವನು ಒತ್ತಿದಷ್ಟೂ ಇದಕ್ಕೆ ಸಂಭ್ರಮ.

ಚೊಂಬು ಎತ್ತ ಉರುಳಿತೋ ಬೈರಮ್ಮನಿಗೆ ಗೊತ್ತಿಲ್ಲ. ರಸ್ತೆಯ ಮಧ್ಯೆ ಎರಡೂ ಕೈ ಎತ್ತಿ ನಿಂತಿದ್ದಳು. ಬ್ರೇಕಿನ ಕಿರುಚಾಟಕ್ಕೆ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಬಸ್ಸಿನ ಮೂತಿಯ ಬಿಸಿ ಅವಳ ಮುಖಕ್ಕೆ ಬಡಿಯುತ್ತಿತ್ತು. ಕೆಂಚ ಅವಳ ಕಾಲ ಬಳಿ, ಚಕ್ರಕ್ಕೆ ಬೆನ್ನು ಹಾಕಿ, ಅಚ್ಚುಕಟ್ಟಾಗಿ ಕೂತು ಅವಳ ಬರಿಗೈಯನ್ನೇ ನೋಡುತ್ತಿತ್ತು.

"ಏನಮ್ಮಾ, ಸಾಯಕ್ಕೆ ನನ್ ಬಸ್ಸೇ ಬೇಕಿತ್ತಾ?" ಡ್ರೈವರ್ ತಲೆ ಹೊರಹಾಕಿ ಕೂಗಿದ. ಅವಳು ಸರಿದು ನಿಲ್ಲಲೆಂದು ಇನ್ನೊಮ್ಮೆ ಹಾರನ್ ಒತ್ತಿದ.

ಕೆಂಚ ಬಾಲ ಬಡಿಯಿತು. ಬಾಯಿ ತೆರೆದು ಕಾದಿತು.

ಬೈರಮ್ಮ ಕೈಯೆತ್ತಿ ಬಾರಿಸಿದಳು. ಹುಟ್ಟಿದಾಗಿನಿಂದ ಯಾರೂ ಹೊಡೆಯದ ಮರಿ ಅದು. ಒಂದೇಟಿಗೆ ನಿಲ್ಲಿಸಲು ಅವಳಿಗೆ ಆಗಲಿಲ್ಲ. ಭಯವೆಲ್ಲ ಕೈಗೆ ಇಳಿದಿತ್ತು. "ಬರ್ತೀಯಾ? ಇನ್ನೊಂದ್ಸಲ ಬರ್ತೀಯಾ?" ಎನ್ನುತ್ತ ಬೆನ್ನಿಗೆ, ಮೂತಿಗೆ, ಸಿಕ್ಕಿದ ಕಡೆ ಹೊಡೆದಳು. ಕೆಂಚ ಮೊದಲು ಏನೆಂದು ತಿಳಿಯದೆ ಅವಳ ಕೈಯನ್ನೇ ನೆಕ್ಕಲು ಬಂತು. ಆಮೇಲೆ ಕಂಯ್ ಎಂದು ಕಿರುಚಿ, ಬಾಲ ಮಡಚಿ, ಗೌರಿಯ ಹೊಟ್ಟೆಯಡಿಗೆ ಓಡಿ ಮುದುರಿಕೊಂಡಿತು.

ಬಸ್ಸು ಹೋಯಿತು. ಗೌರಿ ಕತ್ತು ಬಗ್ಗಿಸಿ ನಡುಗುವ ಮರಿಯನ್ನು ನೆಕ್ಕತೊಡಗಿತು. ಗಿರಿಜಾದೇವಿ ಬೇರೆ ಚೊಂಬು ತಂದು ಮೆಲ್ಲಗೆ ಅವಳ ಪಕ್ಕ ಇಟ್ಟರು. ಹಾಲು ಧಾರಾಳವಾಗಿ ಇಳಿಯಿತು. ಬೈರಮ್ಮ ಕರೆದಳು, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ಹಾಗೇ ಕರೆದಳು.

"ಇವತ್ತು ಎಂದಿಗಿಂತ ಜಾಸ್ತಿನೇ ಬಂತಲ್ಲ ಬೈರಮ್ಮ," ಎಂದರು ಗಿರಿಜಾದೇವಿ.

"ಹೂಂ ಅಮ್ಮಾವ್ರೆ."

ಮನೆಗೆ ಹೊರಟಾಗ ಕೆಂಚ ಗೌರಿಯ ಆಚೆ ಮಗ್ಗುಲಿಗೆ ಅಂಟಿಕೊಂಡು ನಡೆಯಿತು. ಬೈರಮ್ಮ ಈಚೆ ಮಗ್ಗುಲಲ್ಲಿ, ಸೆರಗಿನ ಗಂಟಿನಿಂದ ಮುದ್ದೆಯ ತುಣುಕು ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, ಕೆಂಚಾ ಕೆಂಚಾ ಎಂದು ರಮಿಸುತ್ತಲೇ ಬಂದಳು. ಕನಕಪುರ ರಸ್ತೆಯಲ್ಲಿ ಲಾರಿಯೊಂದು ದೂರದಿಂದಲೇ ಹಾರನ್ ಒತ್ತಿತು. ಕೆಂಚ ನಿಂತಿತು. ಮೈಯೆಲ್ಲ ಕಿವಿಯಾಗಿ, ಲಾರಿ ಹೋಗುವವರೆಗೂ ಗೌರಿಯ ಕಾಲ ಬಳಿ ಕದಲದೆ ನಿಂತಿತು. ಇನ್ನು ಇದು ಚಕ್ರಕ್ಕೆ ಸಿಗುವುದಿಲ್ಲ, ಗೌರಿಯೂ ಕೊಟ್ಟಿಗೆ ಬಿಟ್ಟು ಹೋಗುವುದಿಲ್ಲ ಎಂದು ಬೈರಮ್ಮನಿಗೆ ತಿಳಿಯಿತು. ತುತ್ತು ಹಿಡಿದ ಕೈಯನ್ನು ಗೌರಿಯ ಹೊಟ್ಟೆಯಡಿಯಿಂದ ಇನ್ನಷ್ಟು ಚಾಚಿದಳು. ಕೆಂಚ ಆ ಕೈಯ ಕಡೆ ನೋಡಲಿಲ್ಲ.