'ಬೆಲ್' ಎಂದು ಬರೆದ ಸ್ವಿಚ್ಚು

ದಿನಾ ಮಧ್ಯಾಹ್ನ ಮೂರು ದಾಟುವ ಹೊತ್ತಿಗೆ ಆ ಮನೆಯ ಮೀಟರ್ ಬೋರ್ಡಿನಲ್ಲಿ ಟಕ್ ಎಂದು ಸದ್ದಾಗುತ್ತಿತ್ತು. ಸಾಲಿನಲ್ಲಿದ್ದ ಐದು ಎಂಸಿಬಿ ಸ್ವಿಚ್ಚುಗಳಲ್ಲಿ ನಾಲ್ಕನೆಯದೊಂದೇ ಕೆಳಗೆ ಬೀಳುತ್ತಿತ್ತು. ಅದರ ಕೆಳಗಿನ ಚೀಟಿಯಲ್ಲಿ 'ಬೆಲ್' ಎಂದು ಬರೆದಿತ್ತು.

ಆ ಬೆಲ್ ಅತ್ತೆಯದು. ಹಾಸಿಗೆ ಹಿಡಿದ ಆರು ವರ್ಷವೂ ಗುಂಡಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ನೀರಿಗೊಮ್ಮೆ, ಮಗ್ಗುಲಿಗೊಮ್ಮೆ, ಸುಮ್ಮನೆ ಒಮ್ಮೆ ಒತ್ತುತ್ತಿದ್ದರು. ಅವರು ಹೋಗಿ ಎರಡು ತಿಂಗಳಾಗಿತ್ತು.

"ಅಮ್ಮ ಕರೀತಿದ್ದಾಳೆ ಕಣೇ, ಹೋಗಿ ನೋಡು," ಎಂದು ನಗುತ್ತಿದ್ದಳು ನಾದಿನಿ. ತಾಯಿಯ ಸೀರೆ ಆರಿಸಿಕೊಳ್ಳಲು ಬಂದವಳು ವಾರದಿಂದ ಬೀಡುಬಿಟ್ಟಿದ್ದಳು. "ಬದುಕಿದ್ದಾಗ ಕೊಟ್ಟ ಕಾಟ ಸಾಲ್ಲಿಲ್ಲ ಅನ್ಸುತ್ತೆ."

ಸೊಸೆಗೆ ನಗು ಬರುತ್ತಿರಲಿಲ್ಲ. ಆ ಕೊನೆಯ ದಿನ, ನಿದ್ದೆಗೆಟ್ಟು ಸೋತು, ಒಂದು ಗಂಟೆ ಹಜಾರದಲ್ಲಿ ಮಲಗೋಣವೆಂದು ಆ ನಾಲ್ಕನೆಯದನ್ನು ಕೈಯಾರೆ ಇಳಿಸಿದವಳು ಅವಳೇ. ಆಗಲೂ ಮೂರು ಗಂಟೆ. ಎದ್ದು, ಅದನ್ನು ಏರಿಸಿ, ಒಳಗೆ ಹೋದರೆ ಅತ್ತೆಯ ಉಸಿರು ನಿಂತಿತ್ತು. ಒತ್ತಿ ಒತ್ತಿ ಸತ್ತರೇನೋ ಎಂಬ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಎಲೆಕ್ಟ್ರಿಷಿಯನ್ ಬಂದಾಗ ಮೂರೂವರೆ. ಎಲ್ಲ ಎಂಸಿಬಿ ಇಳಿಸಿ ಒಂದೊಂದೇ ಏರಿಸಿದ. ನಾಲ್ಕನೆಯದು ನಿಲ್ಲಲಿಲ್ಲ. "ಉಳಿದ ಕಡೆಯೆಲ್ಲ ಕರೆಂಟಿದೆ, ಹಿಂದಿನ ರೂಮ್ ತೆಗೀರಿ," ಎಂದ.

ಅತ್ತೆ ಮಲಗಿದ್ದ ಆ ಕೋಣೆಯಲ್ಲಿ ಔಷಧಿಯ ವಾಸನೆ ಇನ್ನೂ ಇತ್ತು. ಅವನು ಗೋಡೆಗೆ ಅಂಗೈ ಒತ್ತಿ ನೋಡಿ, ಸ್ಟೂಲ್ ಹತ್ತಿ ಜಂಕ್ಷನ್ ಬಾಕ್ಸಿನ ಮುಚ್ಚಳ ಬಿಚ್ಚಿದ. ನೀರು ತೊಟ್ಟಿಕ್ಕಿತು.

"ಮೂರಕ್ಕೆ ನಲ್ಲಿ ಬಿಡ್ತಾರಾ? ಟ್ಯಾಂಕ್ ತುಂಬಿ ಚೆಲ್ಲಿದ್ದು ಗೋಡೆಯೊಳಗೆ ಇಳೀತಿದೆ. ಇಲ್ಲಿ ಶಾರ್ಟ್ ಆಗ್ತಿದೆ. ದೆವ್ವಗಿವ್ವ ಏನಿಲ್ಲ ತಾಯಿ."

"ಬೆಲ್ ವೈರು ಕತ್ತರಿಸಿಬಿಡಿ."

"ಬೆಲ್ ಇದ್ರಲ್ಲಿಲ್ಲ." ಅವನು ದಿಂಬಿನ ಪಕ್ಕದ ಗುಂಡಿ ಒತ್ತಿದ. ನಾಲ್ಕನೆಯದು ಕೆಳಗೇ ಬಿದ್ದಿತ್ತು, ಆದರೂ ಹಜಾರದಲ್ಲಿ ಬೆಲ್ ಹೊಡೆಯಿತು. ಅಲ್ಲಿ ನಾದಿನಿಯ ಕೈಯಿಂದ ಲೋಟ ಜಾರಿತು. "ಅದು ಹಜಾರದ ಲೈನು. ಇದ್ರಲ್ಲಿರೋದು ಈ ರೂಮಿನ ಲೈಟು, ಫ್ಯಾನು. ಹೊಸ ಬೋರ್ಡಿಗೆ ಹಳೇ ಚೀಟಿ ಅಂಟಿಸಿದ್ದು ಯಾರು?"

"ನಮ್ಮನೆಯವರು. ಮಾವನ ಕೈಬರಹ ಅಂತ ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ಸೊಸೆ ಮಂಚದ ತುದಿಯಲ್ಲಿ ಕುಳಿತಳು. ಎದೆಯ ಮೇಲಿನ ಕಲ್ಲು ಸರಿಯಿತು, ಸರಿದು ಇನ್ನೊಂದು ಕಡೆ ಕೂತಿತು. ಆ ಸುಡುಬಿಸಿಲಲ್ಲಿ ಒಂದು ಗಂಟೆ ಅತ್ತೆಗೆ ಫ್ಯಾನ್ ಇರಲಿಲ್ಲ. ಒಳಗೆ ಬರುವ ಮೊದಲೇ ಸ್ವಿಚ್ ಏರಿಸಿದ್ದರಿಂದ ತನಗೆ ತಿಳಿಯಲೇ ಇಲ್ಲ. ಬೆಲ್ ಸರಿಯಾಗಿತ್ತು, ಗುಂಡಿ ಕೈಗೆ ಸಿಗುವಂತಿತ್ತು. ನೊಣ ಕೂತರೂ ಒತ್ತುವವರು ಅವತ್ತು ಒತ್ತಲಿಲ್ಲ.

ನಾದಿನಿ ಬಾಗಿಲಿಗೆ ಬಂದಿದ್ದಳು.

"ಅಕ್ಕ, ಅವತ್ತು ಇದನ್ನ ಇಳಿಸಿದ್ದು ನಾನು," ಎಂದಳು ಸೊಸೆ. "ಬೆಲ್ ಅಂದ್ಕೊಂಡು. ಸ್ವಲ್ಪ ಹೊತ್ತು ಮಲಗೋಣ ಅಂತ."

ನಾದಿನಿ ತಲೆಯೆತ್ತಿ, ನಿಂತಿದ್ದ ಫ್ಯಾನನ್ನು ನೋಡಿದಳು. "ನಾನಾಗಿದ್ರೆ ಅಮ್ಮ ಮನೆ ಮೇಲೆಕೆಳಗೆ ಮಾಡಿ ಎಬ್ಬಿಸ್ತಿದ್ಲು," ಎಂದಳು. "ನಿನ್ನನ್ನ ಮಲಗೋಕೆ ಬಿಟ್ಲೋ, ಅಷ್ಟರಲ್ಲಿ ಹೋಗೇಬಿಟ್ಟಿದ್ಲೋ. ಯಾರನ್ನ ಕೇಳೋಣ ಹೇಳು."

ಟ್ಯಾಂಕ್ ಸರಿಹೋಯಿತು, ವೈರು ಬದಲಾಯಿತು. ಮರುದಿನ ಮೂರಕ್ಕೆ ಬೋರ್ಡಿನಲ್ಲಿ ಸದ್ದಾಗಲಿಲ್ಲ. ಮಲಗಲು ಹೋದ ಸೊಸೆ ಕಣ್ಣು ತೆರೆದೇ ಇದ್ದಳು. ಯಾರೂ ಇಲ್ಲದ ಹಿಂದಿನ ಕೋಣೆಯಲ್ಲಿ ಅವಳೇ ಹಾಕಿಟ್ಟು ಬಂದ ಫ್ಯಾನ್ ತಿರುಗುತ್ತಿತ್ತು.